ಹನ್ನೆರಡನೆಯ ಕಡತ

"ಹನ್ನೊಂದೇ ಇವೆ," ಎಂದಳು ರೆಫಿಕಾ. "ಹನ್ನೆರಡನೆಯದು ಎಲ್ಲಿ, ಗೊಯ್ಕೊ ಅವರೇ?"

ಗೊಯ್ಕೊ ಸಕ್ಕರೆಯ ತುಂಡನ್ನು ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. "ತರ್ತೀನಮ್ಮಾ. ಅದರಲ್ಲಿ ಇನ್ನೂ ಸ್ವಲ್ಪ ಕೆಲಸ ಇದೆ." ಆಮೇಲೆ ತಲೆ ಎತ್ತಿ ಕೇಳಿದ: "ನಿಮ್ಮ ತಾಯಿ ಹೇಗಿದ್ದಾರೆ?"

ರೆಫಿಕಾಗೆ ಮೈ ಉರಿಯಿತು. ಹದಿನಾಲ್ಕು ತಿಂಗಳಿಂದ ಇದೇ ಆಟ. ಕಡತ ಕೇಳಿದಾಗಲೆಲ್ಲ ಈ ಮನುಷ್ಯ ತಾಯಿಯ ಆರೋಗ್ಯ ವಿಚಾರಿಸುತ್ತಿದ್ದ.

ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ಕಾಣೆಯಾದವರನ್ನು ಬೋಸ್ನಿಯಾದಲ್ಲಿ ಇಷ್ಟು ದಿನ ಮೂರು ಕಚೇರಿಗಳು ಹುಡುಕುತ್ತಿದ್ದವು. ಮುಸ್ಲಿಮರದು ಒಂದು, ಸೆರ್ಬರದು ಒಂದು, ಕ್ರೊಯಾಟರದು ಒಂದು. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಈಗ ಸಂಸತ್ತು ಕಾನೂನು ಮಾಡಿತ್ತು: ಕಚೇರಿ ಒಂದೇ, ಪಟ್ಟಿಯೂ ಒಂದೇ. ಮುಸ್ಲಿಮರ ರೆಫಿಕಾ, ಸೆರ್ಬರ ಗೊಯ್ಕೊ ಸೇರಿದಂತೆ ಮೂರು ಕಚೇರಿಗಳ ಮುಖ್ಯಸ್ಥರನ್ನು ಸರಾಯೆವೊದ ಈ ಕೋಣೆಯಲ್ಲಿ ಒಂದೇ ಮೇಜಿನ ಸುತ್ತ ಕೂರಿಸಿದ್ದರು.

"ಒಂದು ಬಲ್ಬ್ ಹಾಕೋಕೂ ಮೂರು ಸಹಿ ಬೇಕು ನಮ್ಮ ದೇಶದಲ್ಲಿ," ಎಂದ ಕ್ರೊಯಾಟರ ಸ್ಟೀಪೊ, ಬಿಸಿ ತಣಿಸಲು. "ಕತ್ತಲಲ್ಲೇ ಕೂತು ಜಗಳ ಆಡೋಣ ಬಿಡಿ, ಅದಕ್ಕೆ ಸಹಿ ಬೇಡ."



ಸೆರ್ಬರ ಕಚೇರಿ ಕೊಡಬೇಕಿದ್ದ ಹನ್ನೆರಡನೆಯ ಕಡತದಲ್ಲಿದ್ದುದು ವ್ರಾನ್ ಬೆಟ್ಟದ ಶವಗಳ ವಿವರ. ಬೆಟ್ಟಕ್ಕಾಗಿ ಸೆರ್ಬರು, ಮುಸ್ಲಿಮರು ಎರಡೂ ಕಡೆಯವರು ಬಡಿದಾಡಿ ಸತ್ತಿದ್ದರು. ಯುದ್ಧ ಮುಗಿದ ಮೇಲೆ ಸೆರ್ಬರು ನಲವತ್ತು ಶವಗಳನ್ನು ಮುಸ್ಲಿಮರಿಗೆ ಒಪ್ಪಿಸಿದ್ದರು. ಅವುಗಳಲ್ಲಿ ರೆಫಿಕಾಳ ತಮ್ಮ ಎಕ್ರೆಮ್ ಕೂಡ ಇದ್ದ. ಮುಖ ಉಳಿದಿರಲಿಲ್ಲ. ಎಡಗಾಲಿನ ಮೂಳೆ ಎಂದೋ ಮುರಿದು ಕೂಡಿಕೊಂಡಿತ್ತು. ತಾಯಿ ಝುಮ್ರಾ ಅದನ್ನು ಸವರಿ, "ಒಂಬತ್ತನೇ ವರ್ಷದಲ್ಲಿ ಪ್ಲಮ್ ಮರದಿಂದ ಬಿದ್ದಿದ್ದ. ಇವನೇ ನನ್ನ ಮಗ," ಎಂದಿದ್ದಳು. ಅಂದಿನಿಂದ ಒಂದು ಶುಕ್ರವಾರವನ್ನೂ ಅವಳು ತಪ್ಪಿಸಿರಲಿಲ್ಲ. ಗೋರಿಯ ಕಳೆ ಕೀಳುವುದು, ಹೂಗಿಡಕ್ಕೆ ನೀರು ಹಾಕುವುದು, ಫಾತಿಹಾ ಪ್ರಾರ್ಥನೆ ಓದುವುದು. ಅವಳ ಜೀವ ನಿಂತಿದ್ದೇ ಆ ಗೋರಿಯ ಮೇಲೆ.

ಅವನನ್ನು ಕೊಂದವರು ಯಾರು? ಉತ್ತರ ಆ ಕಡತದಲ್ಲಿದೆ ಎಂದು ರೆಫಿಕಾಗೆ ಖಾತ್ರಿಯಿತ್ತು. ಗೊಯ್ಕೊ ಕೂಡ ಆ ಬೆಟ್ಟದಲ್ಲಿ ಬಂದೂಕು ಹಿಡಿದವನೇ. ಅವನ ಮಗ ಅಲ್ಲಿಯೇ ಕಾಣೆಯಾಗಿದ್ದ, ಇನ್ನೂ ಸಿಕ್ಕಿರಲಿಲ್ಲ. ಸ್ವಂತ ಮಗನ ಮೂಳೆ ಸಿಗದವನು ಬೇರೆಯವರ ಕಡತ ಬಚ್ಚಿಡುತ್ತಾನೆಂದರೆ ಎದೆಯಲ್ಲಿ ಏನಿರಬೇಕು?

ಅವಳು ಪತ್ರಿಕೆಗೆ ಹೇಳಿದಳು: "ಗೊಯ್ಕೊ ಕೊಲೆಗಾರರನ್ನು ಕಾಪಾಡುತ್ತಿದ್ದಾರೆ." ಮುಖಪುಟದಲ್ಲಿ ಬಂತು. ಅದೇ ವಾರ ಗೊಯ್ಕೊನ ಊರಿನಲ್ಲಿ ಅವನದೇ ಜನ ಅವನ ಮನೆಯ ಕಿಟಕಿ ಒಡೆದರು, ಮುಸ್ಲಿಮರ ಜೊತೆ ಕೂರುವ ದ್ರೋಹಿ ಎಂದು. ಹಣೆಗೆ ಪಟ್ಟಿ ಕಟ್ಟಿಕೊಂಡೇ ಅವನು ಕಚೇರಿಗೆ ಬಂದ.

"ಪತ್ರಿಕೆ ಓದಿದ್ರಾ?" ಎಂದಳು ರೆಫಿಕಾ.

"ಓದಿದೆ."

"ಸುಳ್ಳು ಅನ್ನಿ ಹಾಗಾದ್ರೆ. ನಿಮ್ಮ ಮಗನ ಮೇಲೆ ಆಣೆ ಇಟ್ಟು ಹೇಳಿ."

ಗೊಯ್ಕೊ ಬಟ್ಟಲನ್ನು ಮೇಜಿನ ಮೇಲಿಟ್ಟ. "ಅವನ ವಿಷಯ ಬೇಡಮ್ಮಾ," ಎಂದ. ಆಮೇಲೆ, "ತಾಯಿಗೆ ಎದೆನೋವು ಅಂದಿದ್ರಲ್ಲ. ಡಾಕ್ಟ್ರು ಏನಂದ್ರು?"

ರೆಫಿಕಾ ಬಾಗಿಲು ಬಡಿದು ಹೊರಟುಹೋದಳು.

ಮಾರ್ಚ್ ತಿಂಗಳಲ್ಲಿ ಝುಮ್ರಾ ತೀರಿಕೊಂಡಳು. ಹಿಂದಿನ ದಿನವಷ್ಟೇ ಹೇಳಿದ್ದಳು: "ಅವನ ಪಕ್ಕದಲ್ಲೇ ಜಾಗ ಇದೆ ನೋಡು. ನನಗಿನ್ನೇನು ಭಯ?" ಗಂಡಸರು ಅವಳನ್ನು ಮಗನ ಗೋರಿಯ ಬಲಕ್ಕೆ ಹೂಳಿ ಬಂದರು.

ಮರುದಿನ ಬೆಳಿಗ್ಗೆ ರೆಫಿಕಾ ಒಬ್ಬಳೇ ಅಲ್ಲಿಗೆ ಹೋದಳು. ಬಿಳಿಕಲ್ಲುಗಳ ನಡುವೆ ಟೋಪಿ ಕೈಯಲ್ಲಿ ಹಿಡಿದು ಒಬ್ಬ ಮುದುಕ ನಿಂತಿದ್ದ. ಗೊಯ್ಕೊ.

"ಇಲ್ಲೇನು ಕೆಲಸ ನಿಮಗೆ?"

"ನಿಮ್ಮ ತಾಯಿಗೆ ಕೈಮುಗಿಯೋಕೆ ಬಂದೆ."

"ತಾಯಿ ಆ ಕಡೆ ಇದ್ದಾಳೆ. ನೀವು ನಿಂತಿರೋದು ನನ್ನ ತಮ್ಮನ ಮುಂದೆ."

ಅವನು ಕದಲಲಿಲ್ಲ. "ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾರೆ," ಎಂದ. "ಒಂದು ಕಳೆ ಇಲ್ಲ."

ರೆಫಿಕಾ ಒಂದು ಹೆಜ್ಜೆ ಮುಂದಿಟ್ಟಳು. ಕೊಂದವನು ಗೋರಿ ನೋಡಲು ಬರುತ್ತಾನಂತೆ, ಎಲ್ಲೋ ಕೇಳಿದ್ದಳು. "ನೀವೇನಾ?" ಎಂದಳು. "ಇವನನ್ನ ಕೊಂದಿದ್ದು ನೀವೇನಾ?"

ಅವನು ತಲೆಯಾಡಿಸಿದ. "ಅಲ್ಲಮ್ಮಾ. ಕಡತ ನಾಳೆ ತರ್ತೀನಿ. ಇನ್ನು ತಡ ಮಾಡೋಕೆ ಕಾರಣ ಇಲ್ಲ."

ಮಾತಿನಂತೆ ತಂದ. ಮೇಜಿನ ಮೇಲಿಟ್ಟು, ಮೂರು ಕಚೇರಿಗಳನ್ನು ಒಂದಾಗಿಸುವ ಒಪ್ಪಂದದ ಕೊನೆಯ ಪುಟಕ್ಕೆ ಸಹಿ ಹಾಕಿದ. "ನೀವು ಒಬ್ಬರೇ ಓದಿ," ಎಂದು ಸ್ಟೀಪೊನ ತೋಳು ಹಿಡಿದು ಹೊರಗೆ ಕರೆದೊಯ್ದ.

ಒಳಗೆ ಕೊಲೆಗಾರರ ಹೆಸರು ಯಾವುದೂ ಇರಲಿಲ್ಲ. ನಲವತ್ತು ಶವಗಳ ವಿವರ, ಒಪ್ಪಿಸುವ ಮುನ್ನ ವೈದ್ಯರು ಒಂದೊಂದರಿಂದ ತೆಗೆದಿಟ್ಟಿದ್ದ ಮೂಳೆಚೂರುಗಳ ಪಟ್ಟಿ. ಎಕ್ರೆಮ್ ಎಂದು ಬರೆದಿದ್ದ ಕಡೆ ಡಿಎನ್ಎ ಪ್ರಯೋಗಾಲಯದ ಒಂದು ಹಾಳೆಯನ್ನು ಪಿನ್ ಮಾಡಿದ್ದರು. ತಾರೀಖು ಗೊಯ್ಕೊ ಕಡತ ತಡಮಾಡಲು ಶುರುಮಾಡಿದ ತಿಂಗಳಿನದು. ಮೂಳೆ, ಕಾಣೆಯಾದ ಮಗನಿಗಾಗಿ ರಕ್ತ ಕೊಟ್ಟ ತಂದೆ-ತಾಯಿ ಇಬ್ಬರೊಂದಿಗೂ ಸಂಶಯಕ್ಕೆ ಎಡೆಯಿಲ್ಲದಂತೆ ತಾಳೆಯಾಗಿತ್ತು. ರೆಫಿಕಾ ಹುಬ್ಬು ಗಂಟಿಕ್ಕಿದಳು. ಅವಳ ತಂದೆ ಯುದ್ಧಕ್ಕೂ ಮೊದಲೇ ತೀರಿಹೋಗಿದ್ದರು, ತಾಯಿ ರಕ್ತ ಕೊಟ್ಟೇ ಇರಲಿಲ್ಲ, ಹಾಗಾದರೆ ಕೊಟ್ಟವರು ಯಾರು? ಅವಳ ಬೆರಳು ಕೆಳಗಿನ ಸಾಲಿಗೆ ಇಳಿಯಿತು.

ತಂದೆಯ ಹೆಸರು: ಗೊಯ್ಕೊ ಟೆಶಾನೊವಿಚ್.