ಗಾಳಿ ಕುಡಿಯುವ ಪಂಪು

ಶಿವಬಸವ್ವ ಮೂರನೆಯ ಸಲ ಸ್ವಿಚ್ ಒತ್ತಿದಳು. ಪಂಪು ಗಂಟಲು ಹರಿದುಕೊಂಡು ಅರಚಿತೇ ಹೊರತು ಅದರ ಗಾಜಿನಂಥ ಮುಚ್ಚಳದ ಕೆಳಗೆ ನೀರು ತುಂಬಲಿಲ್ಲ, ಬರೀ ಗುಳ್ಳೆ. ಪರದೇಶದ ಈ ಅಲೆನ್ ಊರಿನ ಹಿತ್ತಿಲುಗಳಲ್ಲಿ ಎಲ್ಲರ ಈಜುಕೊಳಗಳೂ ಚಳಿಗಾಲದ ಹೊದಿಕೆ ಕಳಚಿ ನೀಲಿಯಾಗಿದ್ದರೆ, ಇವರದು ಮಾತ್ರ ಪಾಲಕ್ ಸಾರಿನ ಹಾಗೆ ಹಸಿರುಗಟ್ಟಿ ಕೂತಿತ್ತು.

"ಗಾಳಿ ಎಳೀಲಿಕ್ಕತ್ತೈತಿ, ಬಂದ್ ಮಾಡು. ಸುಟ್ಟು ಹೋದೀತು," ಎಂದ ಗಂಡ ಬಸಲಿಂಗಪ್ಪ, ಕುರ್ಚಿಯಲ್ಲಿ ಕೂತಲ್ಲಿಂದಲೇ.

ಹದಿನಾಲ್ಕು ವರ್ಷ ಈ ಪಂಪಿನ ಉಸಾಬರಿ ಅವನದೇ ಆಗಿತ್ತು. ನವೆಂಬರಿನಲ್ಲಿ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಪಂಪನ್ನೂ ಬಿಟ್ಟ, ತನ್ನನ್ನೂ ಬಿಟ್ಟ. ವ್ಯಾಯಾಮ ಹೇಳಿಕೊಡುವ ಹುಡುಗಿ, ಬಲಗೈಯಿಂದಲೇ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಮಣಿ ಹಾಕಿ ಎಂದು ಕೊಟ್ಟು ಹೋಗಿದ್ದಳು. ನಾಲ್ಕು ತಿಂಗಳಾದರೂ ಒಂದು ಮಣಿಯೂ ಮೇಲೆದ್ದಿರಲಿಲ್ಲ. ಹೋದ ವಾರ ಬಟ್ಟಲನ್ನೇ ದೂಡಿಬಿಟ್ಟ. ಆಗ ಆ ಹುಡುಗಿ, ಬೆಚ್ಚಗಾದ ಕೂಡಲೇ ಇವರನ್ನು ನೀರಿಗಿಳಿಸಿ, ಕೈಯ ಭಾರ ನೀರು ಹೊರುತ್ತದೆ ಎಂದಳು. ಶಿವಬಸವ್ವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಿಪೇರಿಯವನು ಬರುವುದು ಮುಂದಿನ ತಿಂಗಳು. ಅಷ್ಟರೊಳಗೆ ಗಂಡ ಆಸೆಯನ್ನೇ ಬಿಟ್ಟುಬಿಟ್ಟರೆ ಏನು ಗತಿ ಎಂದು ಅವಳಿಗೆ ದಿಗಿಲು.

"ಬಿಡು. ಈ ಕೈ ಇನ್ನ ಬರೂದಿಲ್ಲ. ಪಂಪ್ ತಗೊಂಡು ಏನ್ ಮಾಡ್ತಿ?"

"ಕೈ ಮಾತು ಆಮ್ಯಾಲೆ. ಮೊದ್ಲ ಪಂಪಿನ ಮಾತು ಹೇಳ್ರಿ. ನೀರು ಎಷ್ಟೈತಿ ನೋಡೇನಿ, ಒಳಗಿನ ಕಸ ಹಿಡಿಯೋ ಬುಟ್ಟಿ ತೊಳದೇನಿ, ವಾಲ್ವ್ ತಿರುವೇನಿ. ಇನ್ನೇನು ಉಳದೈತಿ?"

"ಮುಚ್ಚಳ ಸರಿ ಕೂತಿಲ್ಲ."

"ಇದ್ದ ಶಕ್ತಿಯೆಲ್ಲ ಹಾಕಿ ಬಿಗಿದೇನ್ರಿ!"

"ಬಿಗಿದ್ರ ಏನಾತು? ಒಳಗಿನ ರಬ್ಬರ್ ಕೂಡಬೇಕಲ್ಲ."

"ನನಗ ತಿಳಿಯಂಗಿಲ್ಲ. ನೀವ ಬಂದು ನೋಡ್ರಿ."

ಗೊಣಗುತ್ತಲೇ ಎದ್ದು ಬಂದ. ಅವಳು ಮುಚ್ಚಳ ಬಿಚ್ಚಿ ಅವನಿಗಾಗಿ ಮೋಟು ಸ್ಟೂಲ್ ಹಾಕಿದಳು. ಅವನ ಎಡಗೈ ಬೆರಳು ರಬ್ಬರ್ ಬಳೆಯ ಸುತ್ತ ನಿಧಾನವಾಗಿ ಸರಿದು ಒಂದು ಕಡೆ ನಿಂತಿತು.

"ತಡಿ, ಇಲ್ಲೇನೋ ಐತಿ."

ರಬ್ಬರನ್ನು ಎತ್ತಿ ಹಿಡಿದು, ಸಂದಿಯಲ್ಲಿದ್ದುದನ್ನು ಹೆಕ್ಕಿ ಹೆಂಡತಿಯ ಅಂಗೈಗೆ ಹಾಕಿದ. ನೀರು ಕುಡಿದು ಉಬ್ಬಿದ, ಅರಿಶಿನ ಹಚ್ಚಿದ ಒಂದೇ ಒಂದು ಅಕ್ಕಿಕಾಳು.

"ಅಯ್ಯ! ಖಂಡೇಪೂಜಿ ದಿನದ್ದು!"

ದಸರೆಯಲ್ಲಿ ಕಾರು, ಹುಲ್ಲು ಕತ್ತರಿಸುವ ಮಷೀನು ಎಲ್ಲಕ್ಕೂ ಪೂಜೆ ಮಾಡಿ, ಪಂಪಿಗೂ ಮುಚ್ಚಳ ತೆಗೆದು ತೊಳೆದು ವಿಭೂತಿ ಹಚ್ಚಿ, ಅವನೇ ಒಂದು ಹಿಡಿ ಅಕ್ಕಿಕಾಳು ಎಸೆದಿದ್ದ. ಆಮೇಲೆ ಪಂಪು ಹಾಕದೆ ಮರುವಾರ ಕೊಳ ಮುಚ್ಚಿದ್ದರು.

"ಪಂಪ್ ಚೊಲೋ ನಡೀಲಿ ಅಂತ ಹಾಕಿದ್ರಿ ನೋಡ್ರಿ."

"ಭಕ್ತಿ ಒಂದು ಕಾಳು ಹೆಚ್ಚಾತು," ಎಂದು ಬಸಲಿಂಗಪ್ಪ ನಕ್ಕ. ನವೆಂಬರಿನಿಂದೀಚೆಗೆ ಅವನು ಬಾಯ್ತುಂಬ ನಕ್ಕಿದ್ದು ಇದೇ ಮೊದಲು.

ಅವಳು ಪಂಪಿನೊಳಗೆ ಒಂದು ಬಕೆಟ್ ನೀರು ಸುರಿದು, ಮುಚ್ಚಳ ಬಿಗಿದು ಸ್ವಿಚ್ ಒತ್ತಿದಳು. ಪಂಪು ಮೊದಲು ಅರಚಿತು, ಕೆಮ್ಮಿತು, ಆಮೇಲೆ ಅದರ ದನಿ ಇಳಿಯಿತು. ಮುಚ್ಚಳದ ಕೆಳಗೆ ನೀರು ಸರಸರ ಏರಿತು.

"ಬಂತು! ನೀರು ಬಂತು ನೋಡು!"

ಶಿವಬಸವ್ವ ನೀರು ನೋಡುತ್ತಿರಲಿಲ್ಲ. ಅವಳ ಕಣ್ಣು ಅವನ ಮಡಿಲ ಮೇಲಿತ್ತು.

"ರೀ, ಆ ಅಕ್ಕಿಕಾಳು ಯಾವ ಕೈಲೆ ತಗದ್ರಿ?"

"ಯಾವ ಕೈಲೆ ಅಂದ್ರ? ಎಡಗೈಯಾಗ ರಬ್ಬರ್ ಹಿಡ್ದಿದ್ನಲ್ಲಾ..."

ಬಸಲಿಂಗಪ್ಪ ಮಡಿಲಲ್ಲಿದ್ದ ಬಲಗೈಯನ್ನು ಮೆಲ್ಲಗೆ ಹೊರಳಿಸಿ ನೋಡಿಕೊಂಡ. ಹೆಬ್ಬೆರಳಿನ ತುದಿಗೂ ತೋರುಬೆರಳಿನ ತುದಿಗೂ ಅರಿಶಿನ ಅಂಟಿತ್ತು.