ಸಮಕ್ಕೆ ಬಂದವಳು

ಹಾಡು ಮುಗಿಯುತ್ತಲೇ ಸಂಗೀತ ಕಲಿಸುವ ರಮಾಬಾಯಿ ತಮ್ಮ ಶಿಷ್ಯ ಕಲ್ಲೇಶನ ಫೋನನ್ನು ಜಮಖಾನೆಯ ಮೇಲಿಟ್ಟು, ಎದುರು ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬಾದಾಮಿಯ ಬಂಡೆ ಕರಗೀತು, ಈ ಅಕ್ಕೋರು ಕರಗುವವರಲ್ಲ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದವರೆಲ್ಲ ತಲೆ ತಗ್ಗಿಸಿದರು.

ಹಾಡಿದ್ದು ‘ಕೆಂಪುಬಂಡೆ’ ಎಂದು ಹೆಸರಿಟ್ಟುಕೊಂಡ ರ‍್ಯಾಪರ್. ಮುಖ ಕಂಡವರಿಲ್ಲ. ದನಿಯನ್ನು ಯಂತ್ರದಲ್ಲಿ ಸೋಸಿದ್ದರಿಂದ ಹೆಣ್ಣೋ ಗಂಡೋ ತಿಳಿಯದು. ಬಾಗಲಕೋಟೆಯಿಂದ ಹುನಗುಂದದವರೆಗೆ ಕಾಲೇಜು ಹುಡುಗರ ಬಾಯಲ್ಲೆಲ್ಲ ಅದೇ ಹಾಡು. ಅದರ ಕೊನೆಗೊಂದು ತಿಹಾಯಿ ಇತ್ತು. ಒಂದೇ ತುಣುಕನ್ನು ಮೂರು ಸಲ ಹಾಡಿ, ಮೂರನೆಯದು ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಸರಿಯಾಗಿ ಬಂದು ಬೀಳಬೇಕು. ತಿಹಾಯಿ ಎಲ್ಲರೂ ಹಾಡುತ್ತಾರೆ. ಇದು ಮಾತ್ರ ರಮಾಬಾಯಿಯ ಗುರುಮನೆಯದು. ಗುರು ಕೈಗೆ ದಾರ ಕಟ್ಟಿ ವಾರಸುದಾರರೆಂದು ಒಪ್ಪಿಕೊಳ್ಳುವ ಶಿಷ್ಯರಿಗೆ ಬಿಟ್ಟರೆ ಬೇರೆಯವರಿಗೆ ಕಲಿಸುವ ಪದ್ಧತಿಯೇ ಇಲ್ಲ.

ಮುಂದಿನ ವಾರ ಗುರುಗಳ ಪುಣ್ಯತಿಥಿ. ಅವತ್ತು ರಾಧಿಕಾಳ ಕೈಗೆ ದಾರ ಬೀಳಬೇಕಿತ್ತು. ಇಳಕಲ್ಲಿನ ನೇಕಾರರ ಮಗಳು, ಒಮ್ಮೆ ಕೇಳಿದ ಹಾಡನ್ನು ಹಾಗೇ ಒಪ್ಪಿಸುವವಳು. ಬಂದ ಮದುವೆಯ ಸಂಬಂಧಗಳನ್ನೆಲ್ಲ ಈ ದಾರಕ್ಕಾಗಿ ತಿರುಗಿಸಿ ಕಳಿಸಿದವಳು. ಆ ತಿಹಾಯಿಯನ್ನು ಈಚೆಗೆ ಬಾಗಿಲು ಹಾಕಿಕೊಂಡು ಕಲಿತವಳೂ ಅವಳೊಬ್ಬಳೇ.

“ನಾ ಅಲ್ರಿ ಅಕ್ಕೋರ,” ಎಂದಳು ರಾಧಿಕಾ, ಯಾರೂ ಕೇಳುವ ಮೊದಲೇ. ಅದೇ ತಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಹಿಂದಿನ ಸಾಲಿನವರು ಪಿಸುಗುಟ್ಟಿದರು.

ಕಲ್ಲೇಶ ಅವಳ ಪರ ನಿಂತ. ರ‍್ಯಾಪ್ ಅಂದರೆ ಬರೀ ವಟವಟ, ಅದಕ್ಕೆಂಥ ಸಾಧನೆ, ಯಾರು ಬೇಕಾದರೂ ಒದರಬಹುದು ಎಂದ. ರಮಾಬಾಯಿ ನಿನ್ನೆಯವರೆಗೂ ಇದನ್ನೇ ಹೇಳುತ್ತಿದ್ದರು. ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಕೂಗಿಗೂ ಇದಕ್ಕೂ ಏನು ಭೇದ ಎಂದು. ಇವತ್ತು ಬೇರೆಯೇ ರಾಗ ತೆಗೆದರು.

“ಆಲಾಪದಾಗ ಉಸಿರು ಸಾಲದಿದ್ರ ಸ್ವರ ಬಿಟ್ಟು ಸುಧಾರಿಸ್ಕೋಬಹುದು. ಇದ್ರಾಗ ಅಕ್ಷರಕ್ಕ ಅಕ್ಷರ ಅಂಟಿಕೊಂಡದ, ನಿಲ್ಲಲಿಕ್ಕೆ ಜಾಗಾ ಇಲ್ಲ. ರಿಯಾಜ್ ಇಲ್ಲದವರು ನಡುವ ಮುಗ್ಗರಸ್ತಾರ.” ರಾಧಿಕಾಳತ್ತ ತಿರುಗಿದರು. “ಈಗ ನೀ ಹಾಡು. ಮುಗ್ಗರಿಸಿದ್ರ ನೀ ಅಲ್ಲಂತ ನಂಬ್ತೇನಿ.”

ಎಲ್ಲರಿಗೂ ಇದು ನ್ಯಾಯವೆನಿಸಿತು. ಅಕ್ಕೋರ ಮಗ ಸಿದ್ಧಾರ್ಥ ತಬಲಾ ಮುಂದೆಳೆದುಕೊಂಡ. ತಾಯಿಯ ಪಾಠಕ್ಕೆಲ್ಲ ಠೇಕಾ ಹಿಡಿಯುವವನು ಅವನೇ. ಅವನೊಬ್ಬ ಕೋಣೆಯಲ್ಲಿದ್ದಾನೆಂಬುದನ್ನೇ ಹಾಡುವವರು ಮರೆತುಬಿಡುತ್ತಿದ್ದರು.

ಕಲ್ಲೇಶನ ಫೋನಿನ ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ರಾಧಿಕಾ ಹೆದರಿಕೊಂಡೇ ಶುರುಮಾಡಿದಳು. ಎಲ್ಲಿ ಬೇಕಾದರೂ ಎಡವಬಹುದಿತ್ತು. ಒಂದು ಅಕ್ಷರ ನುಂಗಿದ್ದರೆ ಸಾಕು, ದಾರ ಅವಳದೇ. ಅದು ಅವಳಿಗೂ ಗೊತ್ತಿತ್ತು. ಆದರೆ ತಾಳ ತಪ್ಪಿದರೆ ಕೆನ್ನೆಗೆ ಬೀಳುತ್ತಿದ್ದ ಮನೆಯಲ್ಲಿ ಕಲಿತವಳು. ಗುರುವಿನ ಎದುರು ಬೇಕೆಂದೇ ತಪ್ಪುವುದು ಆ ನಾಲಿಗೆಗೆ ಬಾರದು. ನಡುವೆ ಠೇಕಾ ಯಾಕೋ ಲಯ ಮೀರಿ ಓಡಿತು. ಅವಳೂ ಅದರ ಜೊತೆಗೇ ಓಡಿದಳು. ರಮಾಬಾಯಿ ದುರುಗುಟ್ಟಿ ನೋಡಿದ ಮೇಲೆ ಸಿದ್ಧಾರ್ಥನ ಕೈ ಹದಕ್ಕೆ ಬಂತು. ಹಾಡುತ್ತ ಹಾಡುತ್ತ ರಾಧಿಕಾಳಿಗೆ ಖುಷಿಯೂ ಆಗತೊಡಗಿತ್ತು, ಪಾಪ. ತಿಹಾಯಿಯ ಮೂರನೆಯ ತುಣುಕು ಸಮಕ್ಕೆ ಬಿದ್ದಾಗ ಕಲ್ಲೇಶ ತನಗರಿವಿಲ್ಲದೆ ‘ವಾಹ್’ ಎಂದುಬಿಟ್ಟ.

ಆಮೇಲೆ ಅವನೂ ಅವಳ ಪರ ಮಾತಾಡಲಿಲ್ಲ.

“ತಂಬೂರಿಗೆ ನಮಸ್ಕಾರ ಮಾಡಿ ಹೊರಡು,” ಎಂದರು ರಮಾಬಾಯಿ. “ಇನ್ನ ನನ್ನ ಹೆಸರು ಹೇಳಿ ಎಲ್ಲೂ ಹಾಡಬ್ಯಾಡ.”

ರಾಧಿಕಾ ಕಾಲು ಹಿಡಿದಳು. ಹಾಡು ಕೇಳಿದ್ದಕ್ಕೆ ಬಂತು, ನೀವು ಕೊಟ್ಟ ವಿದ್ಯೆಗೇ ಬಂತು ಎಂದು ಅತ್ತಳು. ಅಕ್ಕೋರು ಕಾಲು ಹಿಂದೆಳೆದುಕೊಂಡರು. ಇಳಕಲ್ಲಿನ ಬಸ್ಸಿಗೆ ಅವಳನ್ನು ಹತ್ತಿಸಿ ಬರಲೂ ಯಾರೂ ಹೋಗಲಿಲ್ಲ. ಗುರುಮನೆಗೆ ಕನ್ನ ಹಾಕಿದವಳ ಜೊತೆ ಕಾಣಿಸಿಕೊಳ್ಳಲು ಯಾರಿಗೆ ತಾನೇ ಧೈರ್ಯ?

ಶಿಷ್ಯರೆಲ್ಲ ಹೋದ ಮೇಲೆ ಸಿದ್ಧಾರ್ಥ ತಲೆಯೆತ್ತದೆ ತಬಲಾಕ್ಕೆ ಗವಸು ಹಾಕುತ್ತಿದ್ದ. ರಮಾಬಾಯಿ ಅವನೆದುರು ಬಂದು ಕುಳಿತು, ಪುಣ್ಯತಿಥಿಗೆ ಬಿಳಿ ಜುಬ್ಬಾ ಹಾಕಿಕೋ, ದಾರ ನಿನಗೇ ಕಟ್ಟುತ್ತೇನೆ ಎಂದರು. ಅವನು ಏನೋ ಹೇಳಲು ಬಾಯಿ ತೆರೆದ. ಅವರು ಬಿಡಲಿಲ್ಲ.

“ನಿನ್ನ ಹಾಡಿನ್ಯಾಗ ಎರಡು ಕಡೆ ಉಸಿರು ಹರದದ, ಸಿದ್ದೂ, ಅಕಿ ಹಾಡಿದ್ದನ್ನ ರೆಕಾರ್ಡ್ ಮಾಡಿಟ್ಟೇನಿ, ಅದನ್ನ ಕೇಳಿ ತಿದ್ದಕೋ.”