ಮೂರು ಹೊರಗೆ, ಎರಡು ಒಳಗೆ

ಕಡಲ ತಳದ ನಮ್ಮ ಊರಿಗೆ ಗೋಡೆಯಿಲ್ಲ, ಪೊರೆಯಿದೆ. ಅದರ ಸಂದುಗಳಿಂದ ಉಪ್ಪು ತಾನಾಗಿ ಒಳಗೆ ಸೋರುತ್ತದೆ, ಉಪ್ಪಿನ ಹಿಂದೆಯೇ ನೀರು ಬರುತ್ತದೆ. ಅದಕ್ಕೇ ನಾವು ಹೊರೆಯಾಳುಗಳು ಪ್ರತಿ ಸಲ ಮೂರು ಚೀಲ ಉಪ್ಪು ಹೊರಗೆ ಹಾಕಿ, ಎರಡು ಚೀಲ ಪೊಟ್ಯಾಷ್ ಒಳಗೆ ತರುತ್ತೇವೆ. ಹೊರಗೆ ಹೋಗುವಾಗ ಬೆನ್ನ ಮೇಲೆ ಮೂರು ಚೀಲವಿಲ್ಲದವರಿಗೆ ಪೊರೆಯ ಬಾಗಿಲು ತೆರೆಯುವುದಿಲ್ಲ.

ಹೊಸದಾಗಿ ಬಂದ ಅಧಿಕಾರಿ ಯಶೋಧರ ಸಾಹೇಬರು ಕುರ್ಚಿಯಿಂದ ಏಳದೆ ನಮ್ಮನ್ನು ಅರ್ಧ ಗಂಟೆ ನೋಡಿದರು.

"ಏ ಇವಳೇ, ಮೂರು ಕೊಟ್ಟು ಎರಡು ತರೋದು ಯಾವ ಜಾಣತನ? ನಾಳೆಯಿಂದ ನಿಲ್ಲಿಸು."

ನೀರು ತುಂಬಿ ಊರು ಉಬ್ಬುತ್ತದೆ ಎಂದೆ. ಅಷ್ಟು ಓದಿದವರಿಗೆ ಹೊರೆಯವಳ ಮಾತು ಕೇಳಿಸುತ್ತದೆಯೇ? ನಾವು ಚೀಲ ಇಳಿಸಿ, ಎಲೆಯಡಿಕೆಯ ಕವಳ ಹಾಕಿ ಕುಳಿತೆವು.

ಮೂರನೆಯ ದಿನ ಬೀದಿಯಲ್ಲಿ ಮೊಣಕಾಲುದ್ದ ನೀರು. ಪೊರೆ ಬಿಗಿದು ಕಿರುಗುಟ್ಟುತ್ತಿತ್ತು. ಸಾಹೇಬರು ಸೂಟ್‌ಕೇಸ್ ತಲೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬಂದರು.

"ಅಕ್ಕಾ, ಸ್ವಲ್ಪ ಬಾಗಿಲು ತೆಗೀರಿ. ನಾನು ಹೊರಗೆ ಹೋಗ್ಬೇಕು."

ಮೂರು ದಿನದಲ್ಲಿ ನಾನು ಅಕ್ಕನಾಗಿದ್ದೆ. ಕವಳ ಉಗಿದು, ಉಪ್ಪಿನ ರಾಶಿಯ ಕಡೆ ಕೈ ತೋರಿಸಿದೆ.

"ಬೆನ್ನು ಬಗ್ಗಿಸಿ ಸಾರ್, ಚೀಲ ನಾನು ಹೊರಿಸ್ತೇನೆ. ಬರುವಾಗ ಎರಡು ಪೊಟ್ಯಾಷ್ ತರ್ಲಿಕ್ಕೆ ಮರೀಬೇಡಿ."